ಸೀಟು ದೂರದೂರಲ್ಲಿ, ಜಗಳ ಮನೆಯಲ್ಲಿ: ಆಪ್ಷನ್ ಎಂಟ್ರಿಗೆ ಮೊದಲೇ ಮುಗಿಸಬೇಕಾದ ಮಾತುಗಳು

ಪಿಯುಸಿ ಫಲಿತಾಂಶ ಬಂದ ದಿನ ಮನೆಯವರೆಲ್ಲ ಸೇರಿ ಪೇಡೆ ಹಂಚುತ್ತಾರೆ. ಸಿಇಟಿ ಸೀಟು ಹಂಚಿಕೆಯಾದ ದಿನ ಅದೇ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ‘ಅಷ್ಟು ದೂರ ಯಾಕೆ, ಇಲ್ಲೇ ಡಿಗ್ರಿ ಮಾಡು’ ಎಂದು ಅಪ್ಪ, ಊಟ ಬಿಟ್ಟು ಮಲಗಿದ ಮಗಳು, ಇಬ್ಬರ ನಡುವೆ ತಟ್ಟೆ ಹಿಡಿದು ಓಡಾಡುವ ಅಮ್ಮ. ಅಪ್ಪನಿಗೂ ಮಗಳಿಗೂ ಅವರವರ ಕಾರಣಗಳಿರುತ್ತವೆ. ಕೆಟ್ಟಿರುವುದು ವೇಳೆ. ಸೀಟು ಸಿಕ್ಕ ಮೇಲೆ ಉಳಿಯುವುದು ಕೆಲವೇ ದಿನ, ಅಷ್ಟರಲ್ಲಿ ನಾಲ್ಕು ವರ್ಷದ ಲೆಕ್ಕವನ್ನೂ ಹದಿನೆಂಟು ವರ್ಷದ ಭಯವನ್ನೂ ಇತ್ಯರ್ಥ ಮಾಡಲು ಯಾರಿಂದಲೂ ಆಗದು. ಆದ್ದರಿಂದ ಈ ಜಗಳವನ್ನು ಒಂದು ತಿಂಗಳು ಮುಂಚೆ, ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದಕ್ಕೆ) ಮೊದಲೇ ಆಡಿಬಿಡಬೇಕು. ಹೇಗೆ ಎಂಬುದು ಕೆಳಗಿದೆ.

ಮೊದಲು ಕೆಇಎ ಆಟದ ನಿಯಮ ಎಲ್ಲರಿಗೂ ತಿಳಿಯಲಿ

ಮನೆಯ ಅರ್ಧ ಜಗಳ ಹುಟ್ಟುವುದು, ನಿಯಮ ಒಬ್ಬರಿಗೆ ಗೊತ್ತಿದ್ದು ಉಳಿದವರಿಗೆ ಗೊತ್ತಿಲ್ಲದಿರುವುದರಿಂದ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪೋರ್ಟಲ್‌ನಲ್ಲಿ ವಿದ್ಯಾರ್ಥಿ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬಬೇಕು. ನಂತರ ಅಣಕು ಹಂಚಿಕೆ ನಡೆಯುತ್ತದೆ. ಅದು ಬರೀ ಅಂದಾಜು, ಅದನ್ನು ನೋಡಿ ಪಟ್ಟಿ ಬದಲಿಸಲು ಅವಕಾಶ ಕೊಡುತ್ತಾರೆ. ಆಮೇಲೆ ನಿಜವಾದ ಹಂಚಿಕೆ. ಸೀಟು ಸಿಕ್ಕವರ ಮುಂದೆ ನಾಲ್ಕು ದಾರಿ: ಚಾಯ್ಸ್ 1 ಅಂದರೆ ಈ ಸೀಟೇ ಸಾಕು, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಇದಕ್ಕಿಂತ ಮೇಲಿನದು ಸಿಕ್ಕರೆ ಅದು ಬೇಕು. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ಚಾಯ್ಸ್ 4 ಅಂದರೆ ಪೂರ್ತಿ ಹೊರಬಂದಂತೆ. ಶುಲ್ಕ, ಠೇವಣಿ, ಕೊನೆಯ ದಿನಾಂಕದ ವಿವರಗಳು ವರ್ಷ ವರ್ಷ ಬದಲಾಗುತ್ತವೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನೇ ನೋಡಿ.

ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು, ‘ಸುಮ್ಮನೆ ಇರಲಿ’ ಎಂದು ಕಳಿಸುವ ಮನಸ್ಸಿಲ್ಲದ ಊರನ್ನೂ ಪಟ್ಟಿಗೆ ಹಾಕುವುದು. ಚಾಯ್ಸ್ 2 ಒತ್ತಿ, ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಕಾಲೇಜು ಸಿಕ್ಕರೆ ಹಿಂದಿನ ಸೀಟು ತಾನಾಗಿ ರದ್ದಾಗುತ್ತದೆ. ಹುಬ್ಬಳ್ಳಿಯ ಸೀಟು ಕೈಲಿದ್ದವರು ಬೆಂಗಳೂರಿನ ಸೀಟು ಬಂದ ಮೇಲೆ ‘ಬೆಂಗಳೂರು ಬೇಡ’ ಅಂದರೆ ಎರಡೂ ಹೋಯಿತು. ಎರಡನೆಯದು, ಸೈಬರ್ ಸೆಂಟರಿನವರ ಮೊಬೈಲ್ ನಂಬರು. ಒಟಿಪಿ ಯಾರ ಫೋನಿಗೆ ಬರುತ್ತದೋ ಪಟ್ಟಿ ಅವರ ಕೈಯಲ್ಲಿ. ವಿದ್ಯಾರ್ಥಿಯ ನಂಬರನ್ನೇ ಕೊಡಿ. ಅಂತಿಮ ಪಟ್ಟಿಯನ್ನು ಪ್ರಿಂಟ್ ತೆಗೆದು, ಅಪ್ಪ, ಅಮ್ಮ, ವಿದ್ಯಾರ್ಥಿ ಮೂವರೂ ಪ್ರತಿ ಸಾಲನ್ನು ಓದಿ, ‘ಇದು ಸಿಕ್ಕರೆ ಕಳಿಸುತ್ತೇವೆ, ಹೋಗುತ್ತೇನೆ’ ಎನ್ನಬಹುದಾದವನ್ನು ಮಾತ್ರ ಉಳಿಸಿ. ಪಟ್ಟಿ ನೂರಿದ್ದದ್ದು ಮೂವತ್ತಾದರೂ ಚಿಂತೆಯಿಲ್ಲ.

‘ಈ ವರ್ಷ ಇಲ್ಲೇ ಇರು, ಬರೋ ವರ್ಷ ನೋಡೋಣ’ ಎಂಬ ಮಾತು ರಾಜಿಯಂತೆ ಕೇಳಿಸುತ್ತದೆ. ಆದರೆ ಸಿಇಟಿ ಸೀಟನ್ನು ಮುಂದಿನ ವರ್ಷಕ್ಕೆ ಯಾರೂ ಎತ್ತಿಡುವುದಿಲ್ಲ. ಮತ್ತೆ ಪರೀಕ್ಷೆ, ಮತ್ತೆ ರ‍್ಯಾಂಕು.

ಒಂದೇ ಗಂಟಿನಲ್ಲಿ ಐದು ಜಗಳ

‘ಕಳಿಸಲ್ಲ’ ಎಂಬ ಒಂದು ಪದದೊಳಗೆ ಹಣ, ಸುರಕ್ಷತೆ, ನಾಲ್ಕು ಜನರ ಬಾಯಿ, ಮನೆ ಕೆಲಸ, ಒಂಟಿತನ ಎಲ್ಲ ಸೇರಿಕೊಂಡಿರುತ್ತವೆ. ಗಂಟನ್ನು ಬಿಚ್ಚದೆ ವಾದಿಸಿದರೆ, ಅಪ್ಪ ಹಣದ ಬಗ್ಗೆ ಹೇಳುವಾಗ ಮಗಳು ಸ್ವಾತಂತ್ರ್ಯದ ಬಗ್ಗೆ ಉತ್ತರಿಸುತ್ತಾಳೆ. ಇಬ್ಬರೂ ಗೆಲ್ಲುವುದಿಲ್ಲ.

ಆಡುವ ಮಾತಿನಿಂದ ಒಳಗಿನ ಭಯ ಗುರುತಿಸಬಹುದು. ‘ಇಷ್ಟು ಓದಿ ಏನು ಮಾಡಬೇಕು’ ಅಂದರೆ ಬಹುತೇಕ ಅದು ಹಣದ ಮಾತು, ಹಣವಿಲ್ಲ ಎಂದು ಮಕ್ಕಳೆದುರು ಹೇಳಲು ಅಪ್ಪನಿಗೆ ನಾಲಗೆ ಬರುವುದಿಲ್ಲ. ‘ಕಾಲ ಸರಿ ಇಲ್ಲ’ ಅಂದರೆ ಹಾಸ್ಟೆಲಿನ ಚಿತ್ರಣ ಅವರಿಗೆ ಸಿಕ್ಕಿಲ್ಲ ಎಂದರ್ಥ. ‘ಮೊಬೈಲ್ ಕೊಟ್ಟಿದ್ದೇ ತಪ್ಪಾಯ್ತು’ ಅಂದರೆ ಪ್ರೀತಿ, ಜಾತಿ, ಮದುವೆಯ ಭಯ. ‘ನಮ್ಮನ್ನ ನೋಡ್ಕೊಳ್ಳೋರ್ಯಾರು’ ಎಂಬುದು ಅಕ್ಷರಶಃ ನಿಜವಾದ ಪ್ರಶ್ನೆ, ಅದನ್ನು ಭಾವನೆಯ ಬ್ಲ್ಯಾಕ್‌ಮೇಲ್ ಎಂದು ತಳ್ಳಿಹಾಕುವ ಹದಿನೆಂಟರ ಹರೆಯದವರು ಮುಂದಿನ ಭಾಗಗಳಲ್ಲಿ ಮನೆ ಕೆಲಸದ ಪಟ್ಟಿಯನ್ನು ಎರಡು ಸಲ ಓದಬೇಕು.

ಹಣ: ಬಾಯಿಲೆಕ್ಕ ಬೇಡ, ಹಾಳೆಯ ಮೇಲೆ

ಒಂದು ಹಾಳೆಯಲ್ಲಿ ಮೂರು ಕಂಬ ಹಾಕಿ: ಒಂದೇ ಸಲದ ಖರ್ಚು, ತಿಂಗಳ ಖರ್ಚು, ವರ್ಷದ ಖರ್ಚು. ಮಾದರಿಗೆ, ಕಾಲೇಜು ಶುಲ್ಕ ಬಿಟ್ಟು: ಪಿಜಿ (ಊಟ-ವಸತಿಯ ಬಾಡಿಗೆ ಕೋಣೆ) ತಿಂಗಳಿಗೆ 8,000ದಂತೆ 11 ತಿಂಗಳಿಗೆ 88,000. ಕೈಖರ್ಚು, ಫೋನು, ಸಿಟಿ ಬಸ್ಸು ಸೇರಿ 2,500ದಂತೆ 10 ತಿಂಗಳಿಗೆ 25,000. ಊರಿಗೆ ಆರು ಸಲ ಬಂದುಹೋಗಲು 1,400ರಂತೆ 8,400. ಡೆಪಾಸಿಟ್ 8,000. ಹಾಸಿಗೆ, ಬಕೆಟ್ಟು, ಟ್ರಂಕು ಇತ್ಯಾದಿ 6,000. ಪರೀಕ್ಷಾ ಶುಲ್ಕ, ರೆಕಾರ್ಡು, ಪುಸ್ತಕ 10,000. ಒಟ್ಟು 1,45,400 ರೂಪಾಯಿ. ಇಷ್ಟು ಬರೆದ ಮೇಲೆ ಶುಲ್ಕ ಸೇರಿಸಿ, ಡೆಪಾಸಿಟ್, ಹಾಸಿಗೆಯಂಥ ಒಂದೇ ಸಲದ ಖರ್ಚು ಬಿಟ್ಟು ಉಳಿದದ್ದನ್ನು ಇಂಜಿನಿಯರಿಂಗ್ ಆದರೆ ನಾಲ್ಕು, ಬಿ.ಎಸ್ಸಿ., ಬಿ.ಕಾಂ. ಆದರೆ ಮೂರು ವರ್ಷಕ್ಕೆ ಗುಣಿಸಿ. ಪಿಜಿ ಬಾಡಿಗೆಗೆ ವರ್ಷಕ್ಕೆ ಶೇ 10 ಏರಿಕೆ ಹಿಡಿಯಿರಿ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಮೊದಲ ವರ್ಷದ ಶುಲ್ಕ ಹೊಂದಿಸಿ ನಿಟ್ಟುಸಿರು ಬಿಡುವುದು. ಇನ್ನೊಂದು, ಕಾಲೇಜು ಹಾಸ್ಟೆಲು ಕೊನೆಯವರೆಗೂ ಇರುತ್ತದೆಂದು ನಂಬುವುದು. ಎರಡನೇ ವರ್ಷ ಜಾಗ ಬಿಡಿಸುವ ಹಾಸ್ಟೆಲುಗಳಿವೆ, ಸೇರುವಾಗಲೇ ಕೇಳಿ.

ಇನ್ನು ಕಳೆಯುವ ಲೆಕ್ಕ. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲು ಸಿಕ್ಕರೆ ಮೇಲಿನ ಪಿಜಿ ಸಾಲು ಬಹುಪಾಲು ಅಳಿಸಿಹೋಗುತ್ತದೆ. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗೆ ಊಟ-ವಸತಿ ನೆರವಿನ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಹಣ ಸಿಗುತ್ತದೆ, ಆ ವರ್ಷದ ಮೊತ್ತ ನೋಡಿಕೊಳ್ಳಿ. ಅದಕ್ಕೆ ಮತ್ತು ಶುಲ್ಕ ವಿನಾಯಿತಿಗೆ ರಾಜ್ಯದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್. ಎರಡಕ್ಕೂ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಅವಧಿ ಮುಗಿದಿದ್ದರೆ ಮೇ ತಿಂಗಳಲ್ಲೇ ಹೊಸದು ಮಾಡಿಸಿ, ಜುಲೈಯಲ್ಲಿ ಅಲ್ಲಿ ಸಾಲು. ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ. ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಗೆ ಆಧಾರ್ ಕೂತಿದ್ದರೆ ಹಣ ಅಲ್ಲಿಗೇ ಹೋಗಿ, ‘ಸ್ಕಾಲರ್‌ಶಿಪ್ ಏನಾಯ್ತು, ಖರ್ಚು ಮಾಡಿಬಿಟ್ಟೆಯಾ’ ಎಂಬ ಹೊಸ ಜಗಳ. ಹೆಣ್ಣುಮಕ್ಕಳಿಗೆ ಪ್ರಯಾಣದ ಸಾಲೂ ಹೋಗುತ್ತದೆ: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟಿಗೆ ದುಡ್ಡಿಲ್ಲ. ಸ್ಲೀಪರ್, ಐಷಾರಾಮಿ ಬಸ್ಸಿಗೆ ಅನ್ವಯಿಸದು.

ಹೊಲ ಮಾರುವ ಮಾತು ಬಂದರೆ ಅದಕ್ಕೆ ಮೊದಲು ಬ್ಯಾಂಕಿಗೆ ಹೋಗಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, ಅರ್ಜಿ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ. ಕಂತು ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷದ ಮೇಲೆ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಶೇ 10 ಎಂದಿಟ್ಟುಕೊಂಡರೆ ಬಿಡುಗಡೆಯಾದ 1 ಲಕ್ಷಕ್ಕೆ ವರ್ಷಕ್ಕೆ 10,000. ಇದನ್ನು ಯಾರು ಕಟ್ಟುತ್ತಾರೆ ಎಂಬುದೂ ಹಾಳೆಯ ಮೇಲೆ ಬರಲಿ.

ಎಲ್ಲಿ ಇರುವುದು

ಸುರಕ್ಷತೆಯ ಭಯ ಮಾತಿನಿಂದ ಹೋಗುವುದಿಲ್ಲ, ಕಣ್ಣಿನಿಂದ ಹೋಗುತ್ತದೆ. ತುಂಬ ವಿರೋಧಿಸುವವರನ್ನೇ ಜಾಗ ನೋಡಲು ಕರೆದೊಯ್ಯಿರಿ. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಪಿಜಿಯೂ ಚೆಂದ. ಸಂಜೆ ಏಳೂವರೆಗೆ ಹೋಗಿ. ಬಸ್ ಸ್ಟಾಪಿನಿಂದ ನಡೆದೇ ಹೋಗಿ, ದೀಪ ಎಲ್ಲಿ ಇಲ್ಲ, ಬಾರು ಎಲ್ಲಿದೆ ಎಂದು ಗೊತ್ತಾಗುತ್ತದೆ. ಒಳಗಿರುವವರನ್ನು ಮಾಲೀಕರ ಎದುರು ಬೇಡ, ಮೆಟ್ಟಿಲ ಬಳಿ ಕೇಳಿ: ಬೆಳಗ್ಗೆ ಏಳಕ್ಕೆ ನೀರು ಬರುತ್ತದೆಯೇ, ಭಾನುವಾರ ರಾತ್ರಿ ಊಟ ಇದೆಯೇ, ಹೋದವರಿಗೆ ಡೆಪಾಸಿಟ್ ಎಷ್ಟು ವಾಪಸ್ ಕೊಟ್ಟರು.

2024ರ ಆಗಸ್ಟ್‌ನಲ್ಲಿ ಬಿಬಿಎಂಪಿ ಪಿಜಿಗಳಿಗೆ ಹೊರಡಿಸಿದ ನಿಯಮಗಳಲ್ಲಿ ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ವ್ಯಾಪಾರ ಪರವಾನಗಿ ಕಡ್ಡಾಯ ಮಾಡಿತ್ತು. ಬೇರೆ ಊರಿನಲ್ಲೂ ಇದನ್ನೇ ಅಳತೆಗೋಲಾಗಿ ಬಳಸಿ. ಮೂವರ ಕೋಣೆ 10 ಅಡಿ ಅಗಲ, 12 ಅಡಿ ಉದ್ದ ಇದ್ದರೆ 120 ಚದರ ಅಡಿ, ಬೇಕಾದದ್ದು 210. ಎರಡನೇ ಬಾಗಿಲಿಲ್ಲದ ಕಟ್ಟಡದ ಮೇಲಿನ ಮಹಡಿ ಬೇಡ. ಡೆಪಾಸಿಟ್‌ಗೆ ರಸೀದಿ, ಅದರಲ್ಲಿ ಬಿಡುವ ಮುನ್ನ ಎಷ್ಟು ದಿನದ ನೋಟಿಸ್, ‘ಮೇಂಟೆನೆನ್ಸ್’ ಎಂದು ಎಷ್ಟು ಹಿಡಿಯುತ್ತಾರೆ, ಎರಡೂ ಬರೆದಿರಬೇಕು.

ಚಿಕ್ಕಮ್ಮನ ಮನೆ ಎಂಬ ರಾಜಿಯ ಬಗ್ಗೆ ಎಚ್ಚರ. ಎಲ್ಲರಿಗೂ ಹಿತವೆನಿಸುವ ಈ ಏರ್ಪಾಡು ಮೊದಲ ಸೆಮಿಸ್ಟರಿನೊಳಗೇ ಹಳಸುವುದು ಹೆಚ್ಚು. ಪಾಪ, ಅವರಿಗೂ ಎರಡು ಬೆಡ್‌ರೂಮಿನ ಮನೆ. ಹುಡುಗಿ ಆದರೆ ಅಡಿಗೆಮನೆ, ಹುಡುಗ ಆದರೆ ಗ್ಯಾಸು, ದಿನಸಿ, ಮಕ್ಕಳ ಟ್ಯೂಷನ್ನು ತಲೆಗೆ ಬರುತ್ತದೆ, ಬೇಡ ಅನ್ನಲಾಗದು. ಕಾಲೇಜಿಗೆ ಒಂದೂವರೆ ಗಂಟೆಯ ಬಸ್ಸು ಬೇರೆ. ಅನಿವಾರ್ಯವಾದರೆ ಮೂರು ಷರತ್ತು ಮೊದಲೇ ಆಡಿಬಿಡಿ: ತಿಂಗಳಿಗೆ ಇಷ್ಟು ಹಣ (ಅವರು ಬೇಡವೆಂದರೂ), ಒಂದೇ ಸೆಮಿಸ್ಟರು, ಮತ್ತು ಓದುವ ಮೇಜು ಯಾವುದು.

ಮಗು ಹೋದರೆ ನಿಲ್ಲುವ ಕೆಲಸಗಳು

ಈ ಭಾಗವನ್ನು ಬಹುತೇಕ ಮನೆಗಳು ಹಾರಿಸಿಬಿಡುತ್ತವೆ, ಅಮ್ಮಂದಿರ ವಿರೋಧದ ಬೇರು ಇಲ್ಲೇ ಇರುತ್ತದೆ. ಒಂದು ವಾರ, ಸೋಮವಾರದಿಂದ ಭಾನುವಾರದವರೆಗೆ, ವಿದ್ಯಾರ್ಥಿ ಮನೆಯಲ್ಲಿ ಮಾಡುವ ಪ್ರತಿಯೊಂದು ಕೆಲಸ ಬರೆದಿಡಿ. ಹಾಲು ಡೇರಿಗೆ ಹಾಕುವುದು, ಅಂಗಡಿಯ ಸಂಜೆ ಲೆಕ್ಕ, ತಮ್ಮನ ಹೋಂವರ್ಕು, ಅಜ್ಜಿಯ ಬಿಪಿ ಮಾತ್ರೆ ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದೇ ಇರುವುದು ಫೋನಿನ ಕೆಲಸ. ಗ್ಯಾಸ್ ಬುಕ್ಕಿಂಗು, ಕರೆಂಟ್ ಬಿಲ್ಲು, ಗೃಹಲಕ್ಷ್ಮಿ ಹಣ ಬಂತೋ ಎಂದು ನೋಡುವುದು, ಪಹಣಿ ತೆಗೆಯುವುದು, ರೇಷನ್ ಕಾರ್ಡಿನ ಇ-ಕೆವೈಸಿ ಎಲ್ಲ ಮನೆಯ ಹದಿಹರೆಯದವರ ಕೈಯಲ್ಲೇ ನಡೆಯುತ್ತವೆ. ಮಗ ಹೊರಟರೆ ಮನೆಯ ಕಚೇರಿಯೇ ಮುಚ್ಚಿದಂತೆ.

ಪ್ರತಿ ಕೆಲಸದ ಮುಂದೆ ಹೊಸ ಹೆಸರು ಬರೆಯಿರಿ. ಕಲಿಸಬೇಕಾದ್ದನ್ನು ಹೊರಡುವ ನಾಲ್ಕು ವಾರ ಮೊದಲೇ ಕಲಿಸಿ, ಹೀಗೆ: ಮೊದಲ ವಾರ ಮಾಡಿ ತೋರಿಸಿ, ಎರಡನೇ ವಾರ ಪಕ್ಕದಲ್ಲಿ ಕೂತು ಮಾಡಿಸಿ, ಮೂರನೇ ವಾರ ಬೇರೆ ಕೋಣೆಯಲ್ಲಿದ್ದು ಕೇಳಿದಾಗ ಮಾತ್ರ ಹೇಳಿ, ನಾಲ್ಕನೇ ವಾರ ಬಾಯಿ ಬಿಡಬೇಡಿ. ಒತ್ತಬೇಕಾದ ಗುಂಡಿಗಳನ್ನು ಅಮ್ಮನ ಕೈಬರಹದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಯುಪಿಐ ಪಿನ್ ಅದರಲ್ಲಿ ಬೇಡ. ಮಾತ್ರೆಗೆ ಏಳು ಖಾನೆಯ ಡಬ್ಬಿ ಸಾಕು.

ಕೂತು ಮಾತಾಡುವುದು

ಮೂರು ಬೈಠಕ್ಕು, ತಲಾ ಮುಕ್ಕಾಲು ಗಂಟೆ, ನಡುವೆ ಮೂರು ದಿನದ ಬಿಡುವು. ಮೊದಲನೆಯದು ಹಣ ಮಾತ್ರ. ಎರಡನೆಯದು ಜಾಗ ಮತ್ತು ಸುರಕ್ಷತೆ. ಮೂರನೆಯದು ಉಳಿದದ್ದು. ರಾತ್ರಿ ಊಟವಾದ ಮೇಲೆ ಬೇಡ, ದಣಿದವರು ಬೇಗ ಸಿಡುಕುತ್ತಾರೆ. ಭಾನುವಾರ ಬೆಳಗಿನ ತಿಂಡಿಯ ನಂತರ ಒಳ್ಳೆಯ ಹೊತ್ತು. ಮದುವೆ ಮನೆಯಲ್ಲಿ, ನೆಂಟರೆದುರು ಈ ವಿಷಯ ಎತ್ತಲೇಬೇಡಿ. ನಾಲ್ಕು ಜನರ ಮುಂದೆ ಆಡಿದ ‘ಇಲ್ಲ’ವನ್ನು ಅಪ್ಪ ಹಿಂದೆ ತೆಗೆದುಕೊಳ್ಳುವುದು ಕಷ್ಟ.

ಮೂರನೆಯವರನ್ನು ಕರೆಯುವುದಾದರೆ ಎರಡನೇ ಬೈಠಕ್ಕಿನ ನಂತರ ಕರೆಯಿರಿ. ಬೆಂಗಳೂರಿನಲ್ಲಿ ಮನೆ ಕಟ್ಟಿರುವ ದೊಡ್ಡಪ್ಪನ ಮಗ ಬೇಡ, ಅವನ ಮಾತು ಅಪ್ಪನಿಗೆ ಚುಚ್ಚುತ್ತದೆ. ಸೋದರಮಾವನ ಮಾತಿಗೆ ನಮ್ಮ ಕಡೆ ತೂಕವಿದೆ. ಪಿಯು ಉಪನ್ಯಾಸಕರು, ಇಲ್ಲವೇ ಈಗಾಗಲೇ ಮಗಳನ್ನು ಹಾಸ್ಟೆಲಿಗೆ ಕಳಿಸಿರುವ ಅದೇ ಊರಿನ ತಾಯಿ ಇನ್ನೂ ಒಳ್ಳೆಯವರು. ‘ನಾಕು ಜನ ಏನಂತಾರೆ’ ಎಂಬುದಕ್ಕೆ ಆ ನಾಲ್ವರಲ್ಲೊಬ್ಬರೇ ಉತ್ತರ ಕೊಡಲಿ.

ಪ್ರೀತಿಯ ಭಯವನ್ನು ಬಾಯಿಬಿಟ್ಟು ಆಡುವುದು ಕಷ್ಟ, ಹಾಗಾಗಿ ದೇವರ ಮೇಲೆ ಆಣೆ ಹಾಕಿಸಿಕೊಳ್ಳುವ ದಾರಿ ಹಿಡಿಯುತ್ತಾರೆ. ಬೇಡ. ಆಣೆ ಮಾಡಿದ ಹುಡುಗಿ, ಯಾರಾದರೂ ಫೋಟೊ ಇಟ್ಟುಕೊಂಡು ಹೆದರಿಸಿದಾಗ ಮನೆಗೆ ಫೋನ್ ಮಾಡಲಾರಳು. ಬದಲಿಗೆ ಎರಡು ಮಾತು ಸಾಕು. ಅವಳದು: ತೊಂದರೆಯಾದರೆ ಮೊದಲ ಫೋನು ಮನೆಗೆ. ನಿಮ್ಮದು: ಆ ದಿನ ‘ಯಾಕೆ ಹೋದೆ, ಯಾರ ಜೊತೆ’ ಎಂದು ಕೇಳುವುದಿಲ್ಲ, ಬಸ್ಸು ಹತ್ತಿ ಬರುತ್ತೇವೆ.

ಒಪ್ಪಂದದ ಒಂದು ಹಾಳೆ

ಫೋನು ದಿನಕ್ಕೊಮ್ಮೆ, ಗೊತ್ತಾದ ಹೊತ್ತಿಗೆ, ರಾತ್ರಿ ಒಂಬತ್ತು ಎನ್ನಿ. ಹತ್ತು ನಿಮಿಷ. ಎತ್ತಲಾಗದಿದ್ದರೆ ಹತ್ತೂವರೆಯೊಳಗೆ ಒಂದು ಮೆಸೇಜು. ಅದೂ ಬರದಿದ್ದರೆ ರೂಮ್‌ಮೇಟಿಗೆ, ಆಮೇಲೆ ವಾರ್ಡನ್‌ಗೆ. ಈ ಮೂರು ಮೆಟ್ಟಿಲು ಬರೆದಿಲ್ಲದ ಮನೆಯಲ್ಲಿ ಒಂಬತ್ತೂ ಕಾಲಿಗೆ ಹದಿನಾಲ್ಕು ಮಿಸ್ಡ್ ಕಾಲ್ ಇರುತ್ತವೆ. ಲೊಕೇಶನ್ ಹಂಚಿಕೆ ರಾತ್ರಿ ಪ್ರಯಾಣದ ದಿನ ಮಾತ್ರ.

ಹಣ ಒಂದನೇ ತಾರೀಖಿಗೆ, ಒಂದೇ ಮೊತ್ತ, ವಿದ್ಯಾರ್ಥಿಯ ಸ್ವಂತ ಖಾತೆಗೆ. ಅಪ್ರಾಪ್ತರ ಖಾತೆ ಹದಿನೆಂಟು ತುಂಬಿದಾಗ ಹೊಸ ಕೆವೈಸಿ ಕೇಳುತ್ತದೆ, ಹೊರಡುವ ಮೊದಲೇ ಮುಗಿಸಿ. ಆಗಲೇ ಖಾತೆಗೆ ವಿದ್ಯಾರ್ಥಿಯ ನಂಬರು ಜೋಡಿಸಿ. ಪ್ರತಿ ಖರ್ಚಿನ ಎಸ್ಸೆಮ್ಮೆಸ್ಸು ಅಪ್ಪನ ಫೋನಿಗೆ ಬಂದರೆ 180 ರೂಪಾಯಿಯ ಬಿರಿಯಾನಿಗೂ ವಿಚಾರಣೆ ನಡೆಯುತ್ತದೆ. ಇದರ ಹೊರತಾಗಿ 5,000 ರೂಪಾಯಿ ಆಪತ್ತಿಗೆಂದು ಬೇರೆ ಇರಲಿ, ಬಳಸಿದರೆ ತಿಳಿಸಿದರೆ ಸಾಕು.

ಯಾವ ಹಬ್ಬಕ್ಕೆ ಬರುವುದು, ಯಾವುದಕ್ಕೆ ಬಾರದಿರುವುದು ಎಂದೂ ಬರೆಯಿರಿ. ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ದಸರೆಯ ಆಸುಪಾಸಿಗೆ ಬಿದ್ದರೆ ದಸರೆ ಇಲ್ಲ, ದೀಪಾವಳಿ ಖಂಡಿತ.

ಹೊರಡುವ ದಿನ

ಪ್ರವೇಶದ ಕೊನೆಯ ದಿನ ಆಷಾಢದಲ್ಲಿ ಬೀಳುವುದುಂಟು, ಅಜ್ಜಿ ಅಡ್ಡ ನಿಲ್ಲುವುದೂ ಉಂಟು. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸಬಾರದೆಂಬ ಮಾತೂ ಬರುತ್ತದೆ. ವಿಜ್ಞಾನದ ಪಾಠ ಹೇಳಿ ಗೆಲ್ಲಲು ಹೋಗಬೇಡಿ, ಪರಿಹಾರ ಸಂಪ್ರದಾಯದಲ್ಲೇ ಇದೆ: ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ ಒಂದು ಚೀಲವನ್ನು ಪಕ್ಕದ ಮನೆಯಲ್ಲಿಟ್ಟರೆ ಹೊರಟಂತೆಯೇ ಲೆಕ್ಕ. ಆ ದಿನವನ್ನು ಅಜ್ಜಿಯೇ ನಿಶ್ಚಯಿಸಲಿ.

ಬಿಡಲು ಇಬ್ಬರು ಸಾಕು. ಸಂಜೆ ನಾಲ್ಕರೊಳಗೆ ಹಿಂದಿರುಗಿ.

ಮನೆಯವರು ಒಪ್ಪಲೇ ಇಲ್ಲವೆಂದರೆ

ಹದಿನೆಂಟು ತುಂಬಿದವರು ತಮ್ಮ ಪ್ರವೇಶಕ್ಕೆ ತಾವೇ ಸಹಿ ಹಾಕಬಹುದು. ಪಿಯುಸಿ ಮುಗಿಸುವಾಗ ಹಲವರಿಗೆ ಹದಿನೇಳೇ, ಆಗ ಪೋಷಕರ ಸಹಿ ಬೇಕು, ಉಪನ್ಯಾಸಕರ ಮೂಲಕ ಮಾತಾಡಿಸುವುದೇ ಮೊದಲ ದಾರಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್‌ಗಳ ಸ್ಕ್ಯಾನ್ ಪ್ರತಿಗಳು ಸ್ವಂತ ಇಮೇಲ್‌ನಲ್ಲಿರಲಿ. ಓದು ಬಿಡಿಸಿ ಮದುವೆ ಮಾಡುವ ಒತ್ತಡ, ಕೂಡಿಹಾಕುವುದು, ಹೊಡೆತದ ಮಟ್ಟಕ್ಕೆ ಹೋದರೆ ಹದಿನೆಂಟರೊಳಗಿನವರಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112. ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೆ ಆ ನೆರವಿಗೆ ಆದಾಯದ ಮಿತಿಯಿಲ್ಲ.

ಮೊದಲ ಮೂರು ವಾರ

‘ನನಗಿಲ್ಲಿ ಆಗಲ್ಲ’ ಎಂಬ ಫೋನು ಮೊದಲ ಹತ್ತು ದಿನದೊಳಗೆ ಬರುವುದು ಸಾಮಾನ್ಯ. ‘ಆಗಲೇ ಹೇಳಿದ್ದೆ’ ಎನ್ನುವ ಆಸೆಯನ್ನು ಅಪ್ಪಂದಿರು ನುಂಗಿಕೊಳ್ಳಬೇಕು. ಮೊದಲ ವಾರಾಂತ್ಯಕ್ಕೇ ಕರೆಸಿಕೊಂಡರೆ ಎರಡನೇ ಸಲ ಹೊರಡುವುದು ಮೊದಲ ಸಲಕ್ಕಿಂತ ಕಷ್ಟ. ಮೂರನೇ ವಾರ ನೀವೇ ಹೋಗಿ ಬನ್ನಿ. ಆದರೆ ಊಟ ಬಿಟ್ಟಿದ್ದರೆ, ನಿದ್ದೆಯಿಲ್ಲದಿದ್ದರೆ, ಮಾತು ನಿಂತಿದ್ದರೆ ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಸೀನಿಯರುಗಳ ಕಾಟವೆಂದು ಗೊತ್ತಾದರೆ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522.

ನಿಜಕ್ಕೂ ವಾಪಸ್ ಬರುವುದೇ ಸರಿಯೆಂದು ತೀರ್ಮಾನಿಸಿದರೆ ದಿನ ಎಣಿಸಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಬಿಟ್ಟರೆ ಪೂರ್ತಿ ಶುಲ್ಕ, 15 ದಿನಕ್ಕಿಂತ ಕಡಿಮೆ ಉಳಿದಿದ್ದಾಗ ಬಿಟ್ಟರೆ ಶೇ 90, ಕೊನೆಯ ದಿನದ ನಂತರದ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಯುಜಿಸಿ ಇದಕ್ಕಿಂತ ಉದಾರವಾದ ದಿನಾಂಕಗಳನ್ನೂ ಪ್ರಕಟಿಸಿದೆ, ಆ ವರ್ಷದ ಸುತ್ತೋಲೆ ನೋಡಿ. ಕೆಇಎ ಸೀಟಿಗೆ ಕೆಇಎ ನಿಯಮವೇ ಬೇರೆ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ.

ದೀಪಾವಳಿಗೆ ಬಂದಾಗ ಒಪ್ಪಂದದ ಹಾಳೆ ಮತ್ತೆ ತೆಗೆಯಿರಿ, ಒಂಬತ್ತರ ಫೋನು ಹತ್ತಕ್ಕೆ ಹೋಗಬೇಕಾಗಿರುತ್ತದೆ, 2,500 ಸಾಲದೇ ಇರುತ್ತದೆ. ಅಷ್ಟರಲ್ಲಿ ಅವರ ಕೋಣೆಯನ್ನು ತಮ್ಮನಿಗೆ ಕೊಟ್ಟಿದ್ದರೂ ಪರವಾಗಿಲ್ಲ, ಬೀರುವಿನ ಒಂದು ಖಾನೆ ಮಾತ್ರ ಅವರ ಹೆಸರಿನಲ್ಲೇ ಖಾಲಿ ಉಳಿದಿರಲಿ.